ರುಬ್ಬುಗುಂಡು ತಿರುಗಿಸಿದವರು ಯಾರು?

“ಇದು ಅಡುಗೆಯಲ್ಲ ಮಾರಾಯ, ಜೋಡಣೆ” ಎಂದು ಗೆಳೆಯ ತೀರ್ಪು ಕೊಟ್ಟಾಗ ಅವನ ತಟ್ಟೆಯಲ್ಲಿದ್ದ ಎರಡನೆಯ ತುಂಡೂ ಅರ್ಧ ಮುಗಿದಿತ್ತು. ಭಾನುವಾರದ ರಾತ್ರಿ, ನನ್ನ ಬಾಡಿಗೆ ಮನೆ, ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳು. ಮೇಜಿನ ಮೇಲೆ ಒಂದು ಟ್ರೇ. ಅದರಲ್ಲಿ ಕೋಳಿಯ ಎದೆಭಾಗದ ತೆಳು ತುಂಡುಗಳು, ಮೇಲೆ ಟೊಮ್ಯಾಟೊ ಗೊಜ್ಜು, ಅದರ ಮೇಲೆ ಕರಗಿ ಅಲ್ಲಲ್ಲಿ ಕೆಂಪಗಾದ ಚೀಸ್. ಪಿಜ್ಜಾದಿಂದ ಹಿಟ್ಟಿನ ರೊಟ್ಟಿಯನ್ನು ತೆಗೆದು ಅದರ ಜಾಗಕ್ಕೆ ಕೋಳಿಯನ್ನು ಇಟ್ಟರೆ ಹೇಗೋ ಹಾಗೆ.

ಗೆಳೆಯನ ಮಾತು ಅಲ್ಲಿಗೆ ನಿಲ್ಲಲಿಲ್ಲ. “ನಿಮ್ಮಮ್ಮ ಮಾಡೋ ನಾಟಿ ಕೋಳಿ ಸಾರಿನ ಮುಂದೆ ಇದೇನು? ಅದರಲ್ಲಿ ಕೈ ಇರುತ್ತೆ, ಹೊತ್ತು ಇರುತ್ತೆ. ಇದರಲ್ಲಿ ಇರೋದು ಬರೀ ಸ್ವಿಚ್ಚು” ಎಂದ. ಉಳಿದಿಬ್ಬರು ತಲೆಯಾಡಿಸಿದರು. ನಾನೂ ನಕ್ಕು ಸುಮ್ಮನಾದೆ. ಆಮೇಲೆ ಟ್ರೇ ಉಜ್ಜುತ್ತ ನಿಂತಾಗ ನಕ್ಕದ್ದು ತಪ್ಪಾಯಿತು ಅನ್ನಿಸಿತು. ಅವನ ಮಾತು ಅವನೊಬ್ಬನದಲ್ಲ. ಕನ್ನಡದಲ್ಲಿ ಅಡುಗೆಯ ಬಗ್ಗೆ ಬರೆಯುವ ನಮ್ಮಲ್ಲಿ ಬಹುಪಾಲು ಜನ ನಂಬಿರುವ ಮಾತು ಅದು: ನಿಧಾನವಾದದ್ದು ಒಳ್ಳೆಯದು, ಬೇಗ ಆಗುವುದು ಕೀಳು, ಕಲ್ಲಿನಲ್ಲಿ ರುಬ್ಬಿದ್ದು ಸಂಸ್ಕೃತಿ, ಸ್ವಿಚ್ ಹಾಕಿದ್ದು ಸೋಮಾರಿತನ. ಈ ನಂಬಿಕೆಯಲ್ಲಿ ಒಂದು ಲೆಕ್ಕ ಬಿಟ್ಟುಹೋಗಿದೆ. ಆ ‘ಹೊತ್ತು’ ಯಾರದ್ದು ಎಂಬ ಲೆಕ್ಕ. ಅದನ್ನು ಕೇಳದೆ ನಾವು ಬರೆಯುವ ಊಟದ ಹಂಬಲದ ಬರಹಗಳೆಲ್ಲ ಇನ್ನೊಬ್ಬರ ದುಡಿಮೆಯನ್ನು ನಮ್ಮ ಸಂವೇದನೆ ಎಂದು ತೋರಿಸಿಕೊಳ್ಳುವ ಬರಹಗಳು ಎಂಬುದು ನನ್ನ ವಾದ.

ಮೊದಲು ನನ್ನ ಲೆಕ್ಕವನ್ನೇ ಒಪ್ಪಿಸುತ್ತೇನೆ. ನಾಲ್ಕು ಜನಕ್ಕೆ 800 ಗ್ರಾಂ ಬೋನ್‌ಲೆಸ್ ಎದೆಭಾಗ. ಪ್ರತಿ ತುಂಡನ್ನೂ ಅಡ್ಡಕ್ಕೆ ಸೀಳಿ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಂದರೆ ಎಂಟು ತುಂಡುಗಳಾಗುತ್ತವೆ. ಉಪ್ಪು, ಕಾಳುಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಎರಡು ಚಮಚ ಮೊಸರು ಸವರಿ ಇಡಬೇಕು. ಐದಾರು ಹುಳಿ ಟೊಮ್ಯಾಟೊವನ್ನು ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿಯ ಜೊತೆ ಎಣ್ಣೆ ಬಿಡುವವರೆಗೆ ಬಾಡಿಸಬೇಕು. ಸಾಸ್ ನೀರಾಗಿದ್ದರೆ ಕೊನೆಗೆ ಟ್ರೇಯಲ್ಲಿ ಸಾರೇ ಸಿಗುತ್ತದೆ. ಓವನ್ನನ್ನು 200 ಡಿಗ್ರಿಗೆ ಕಾಯಿಸಿ, ಕೋಳಿಯನ್ನಷ್ಟೇ ಮೊದಲು ಹತ್ತು ನಿಮಿಷ ಇಟ್ಟು, ಅದು ಬಿಟ್ಟ ನೀರನ್ನು ಬಸಿದು, ಆಮೇಲೆ ಸಾಸ್, ಹೆಚ್ಚಿದ ಈರುಳ್ಳಿ, ದಪ್ಪ ಮೆಣಸಿನಕಾಯಿ, 200 ಗ್ರಾಂ ತುರಿದ ಮೊಝರೆಲ್ಲಾ ಹರಡಿ ಮತ್ತೆ ಹನ್ನೆರಡು ನಿಮಿಷ. ತುಂಡಿನ ನಡುಭಾಗ 74 ಡಿಗ್ರಿ ಮುಟ್ಟಿದರೆ ಕೋಳಿ ಬೆಂದ ಹಾಗೆ. ಅದಕ್ಕಿಂತ ಹೆಚ್ಚು ಬೇಯಿಸಿದರೆ ಎದೆಭಾಗ ತನ್ನ ರಸವನ್ನೆಲ್ಲ ಹಿಂಡಿಕೊಂಡು ನಾರಾಗುತ್ತದೆ.

ಇದನ್ನು ವಿಡಿಯೊಗಳಲ್ಲಿ ‘30 ನಿಮಿಷದ ದಿಢೀರ್ ಡಿನ್ನರ್’ ಎನ್ನುತ್ತಾರೆ. ನಾನು ಗಡಿಯಾರ ನೋಡಿ ಬರೆದಿಟ್ಟಿದ್ದೇನೆ: ಕೋಳಿ ಅಂಗಡಿಗೆ ಹೋಗಿ, ಭಾನುವಾರದ ಸಾಲಿನಲ್ಲಿ ನಿಂತು ಬರಲು 35 ನಿಮಿಷ, ತೊಳೆದು ಸೀಳಿ ಮಸಾಲೆ ಸವರಲು 15, ಸಾಸಿಗೆ 15, ಜೋಡಿಸಲು 5, ಓವನ್ನಿನಲ್ಲಿ 22, ಪಾತ್ರೆಗೆ, ಅದರಲ್ಲೂ ಚೀಸ್ ಹತ್ತಿದ ಆ ಟ್ರೇಗೆ, 20. ಒಟ್ಟು 112 ನಿಮಿಷ. ಅಂದರೆ ದಿಢೀರ್ ಎನ್ನುವವರೂ ಸುಳ್ಳು ಹೇಳುತ್ತಿದ್ದಾರೆ. ಅವರ ವಿಡಿಯೊದಲ್ಲಿ ಈರುಳ್ಳಿ ಹುಟ್ಟಿದಾಗಲೇ ಹೆಚ್ಚಿರುತ್ತದೆ, ಪಾತ್ರೆ ತಾನಾಗಿಯೇ ತೊಳೆದುಕೊಳ್ಳುತ್ತದೆ. ಆದರೆ ಅವರ ಸುಳ್ಳು 82 ನಿಮಿಷದ ಸುಳ್ಳು. ನಮ್ಮ ಹಂಬಲದ ಬರಹಗಳ ಸುಳ್ಳು ಅದಕ್ಕಿಂತ ಎಷ್ಟೋ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ಗೆಳೆಯನ ಮೊದಲ ಆರೋಪ ‘ಅಸಲಿಯಲ್ಲ’ ಎಂಬುದು. ಯಾವುದರ ಅಸಲಿ? ಪಿಜ್ಜಾದ್ದೇ? ನೇಪಲ್ಸಿನಲ್ಲಿ ಅಸಲಿ ಪಿಜ್ಜಾವನ್ನು ಕಾಯಲು 1984ರಲ್ಲಿ ಒಂದು ಸಂಘವೇ ಹುಟ್ಟಿತು. 2010ರಲ್ಲಿ ಯುರೋಪಿಯನ್ ಒಕ್ಕೂಟ ನಿಯಮ ಮಾಡಿ ಆ ಪಿಜ್ಜಾಕ್ಕೆ ಸಾಂಪ್ರದಾಯಿಕ ತಿನಿಸಿನ ರಕ್ಷಣೆ ಕೊಟ್ಟಿತು. 2017ರಲ್ಲಿ ಅಲ್ಲಿನ ಪಿಜ್ಜಾ ಮಾಡುವವರ ಕಲೆ ಯುನೆಸ್ಕೋದ ಪಟ್ಟಿ ಸೇರಿತು. ಇಷ್ಟೆಲ್ಲ ಗೌರವ ಪಡೆದ ಆ ಅಸಲಿ ಪಿಜ್ಜಾ ಕಟ್ಟಿಗೆಯ ಓವನ್ನಿನಲ್ಲಿ ಬೇಯುವುದು 60ರಿಂದ 90 ಸೆಕೆಂಡು. ನೇಪಲ್ಸಿನ ಬಡವರು, ಮನೆಯಲ್ಲಿ ಒಲೆಯೇ ಇಲ್ಲದವರು, ಬೀದಿಯಲ್ಲಿ ನಿಂತು ತಿಂದ ಅಗ್ಗದ ತಿನಿಸು ಅದು. ನಿಧಾನದ ಸೌಂದರ್ಯವನ್ನು ಹುಡುಕಿಕೊಂಡು ಹೋದವನಿಗೆ ಅಲ್ಲಿ ಸಿಗುವುದು ಅವಸರದಲ್ಲಿದ್ದ ಕೂಲಿಯವನ ಹಸಿವು.

ಆ ಸೀಮೆಯಿಂದಲೇ, 1880ರಿಂದ ಸುಮಾರು ನಲವತ್ತು ವರ್ಷಗಳಲ್ಲಿ, ನಲವತ್ತು ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು. ಅವರಲ್ಲಿ ಹೆಚ್ಚಿನವರು ದಕ್ಷಿಣದ ಬಡ ರೈತರು. ಊರಿನಲ್ಲಿ ಬದನೆಕಾಯಿಯನ್ನು ಕರಿದು, ಟೊಮ್ಯಾಟೊ ಮತ್ತು ಚೀಸಿನ ಜೊತೆ ಪದರ ಪದರವಾಗಿ ಬೇಯಿಸಿ ತಿನ್ನುತ್ತಿದ್ದವರಿಗೆ ಅಲ್ಲಿ ಮಾಂಸ ಕೈಗೆಟುಕುವ ಬೆಲೆಗೆ ಸಿಕ್ಕಿತು. ಬದನೆಯ ಜಾಗಕ್ಕೆ ಮೊದಲು ಕರುವಿನ ಮಾಂಸ, ಆಮೇಲೆ ಕೋಳಿ ಬಂತು. ಹಾಗೆ ಹುಟ್ಟಿದ್ದು ಇವತ್ತು ಚಿಕನ್ ಪಾರ್ಮೆಸಾನ್ ಎಂದು ಕರೆಯುವ ತಿನಿಸು. ನನ್ನ ಟ್ರೇಯಲ್ಲಿದ್ದದ್ದು ಅದರ ಬಡ ತಂಗಿ: ಬ್ರೆಡ್ ಪುಡಿಯಿಲ್ಲ, ಕರಿಯುವುದಿಲ್ಲ. ಅಂದರೆ ಇದು ಯಾವ ಕಂಪನಿಯ ಮೆನುವಿನಿಂದಲೂ ಉದುರಿದ್ದಲ್ಲ. ಊರು ಬಿಟ್ಟು ಬಂದು, ಸಿಕ್ಕಿದ್ದರಲ್ಲಿ ಊರಿನ ಊಟದ ನೆನಪನ್ನು ಕಟ್ಟಿಕೊಂಡವರ ಅಡುಗೆ. ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿರುವ ನನಗೆ ಅದು ಪರಕೀಯ ಎನ್ನುವುದಕ್ಕೆ ನನ್ನ ಗೆಳೆಯನಿಗೆ ಯಾವ ಆಧಾರವಿದೆ?

ಇನ್ನು ನಮ್ಮ ಕಡೆಯ ಅಸಲಿ. ಕನ್ನಡದಲ್ಲಿ ಪಾಕಶಾಸ್ತ್ರಕ್ಕೇ ಮೀಸಲಾದ ಹಳೆಯ ಕಾವ್ಯ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಅದು 16ನೆಯ ಶತಮಾನದ ಆರಂಭದ್ದು. ಅದರಲ್ಲಿ ಕೋಳಿ ಇಲ್ಲ, ಬರೆದವನು ಜೈನ. ಮೆಣಸಿನಕಾಯಿಯೂ ಇಲ್ಲ, ಟೊಮ್ಯಾಟೊವೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಅವು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬರುವುದು ಇನ್ನೂ ಬಾಕಿಯಿತ್ತು. ನಮ್ಮ ‘ಮೆಣಸಿನಕಾಯಿ’ ಎಂಬ ಹೆಸರೇ ಅತಿಥಿಗೆ ಮನೆಯ ಮೆಣಸಿನ ಹೆಸರನ್ನು ಕೊಟ್ಟು ಒಳಗೆ ಕರೆದುಕೊಂಡ ಹೆಸರು. ನನ್ನ ಅಮ್ಮನ ಕೋಳಿ ಸಾರಿನಲ್ಲಿ ಕೆಂಪು ಮೆಣಸಿನಕಾಯಿಯೂ ಇದೆ, ಟೊಮ್ಯಾಟೊವೂ ಇದೆ. ಇಟಲಿಗೂ ಟೊಮ್ಯಾಟೊ ಹೋದದ್ದು ಅದೇ 16ನೆಯ ಶತಮಾನದಲ್ಲಿ. ಒಂದೇ ಊರಿನಿಂದ ಹೊರಟ ಹಣ್ಣು ನೇಪಲ್ಸಿಗೆ ಹೋದರೆ ವಿದೇಶಿ, ನಮ್ಮೂರಿಗೆ ಬಂದರೆ ದೇಸಿ ಎನ್ನುವುದು ಯಾವ ತರ್ಕ?

ಬೇಗ ಆಗುವ ಅಡುಗೆ ನಮ್ಮದಲ್ಲ ಎನ್ನುವವರು ರವೆ ಇಡ್ಲಿಯನ್ನಾದರೂ ನೆನಪಿಸಿಕೊಳ್ಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಅದನ್ನು ಕಂಡುಹಿಡಿದೆವು ಎಂದು ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ. ನೆನೆಸುವುದಿಲ್ಲ, ರುಬ್ಬುವುದಿಲ್ಲ, ರಾತ್ರಿಯಿಡೀ ಹುದುಗು ಬರಿಸುವುದಿಲ್ಲ. ರವೆಯನ್ನು ಹುರಿದು, ಮೊಸರಿನಲ್ಲಿ ಕಲಸಿ, ಒಗ್ಗರಣೆ ಹಾಕಿ ಹಬೆಗೆ ಇಟ್ಟರಾಯಿತು. ಇಡ್ಲಿಯ ಕಣ್ಣಿನಲ್ಲಿ ನೋಡಿದರೆ ಅದೂ ‘ಜೋಡಣೆ’ಯೇ. ಇವತ್ತು ಹೊರನಾಡಿನ ಕನ್ನಡಿಗರು ಅದನ್ನು ಬೆಂಗಳೂರಿನ ಪರಂಪರೆ ಎಂದು ಕಣ್ಣು ತೇವ ಮಾಡಿಕೊಂಡು ತಿನ್ನುತ್ತಾರೆ. ದಿಢೀರ್ ತಿನಿಸು ಪರಂಪರೆಯಾಗಲು ಒಂದು ಆಯುಷ್ಯವೂ ಬೇಕಾಗಲಿಲ್ಲ.

ಆದರೆ ಈ ಅಸಲಿ-ನಕಲಿಯ ಜಗಳ ನನಗೆ ಮುಖ್ಯವಲ್ಲ. ಅದನ್ನು ಗೆದ್ದರೂ ಗೆಳೆಯನ ಎರಡನೆಯ ಮಾತು ಉಳಿಯುತ್ತದೆ: “ಅದರಲ್ಲಿ ಹೊತ್ತು ಇರುತ್ತೆ.”

ಈ ಮಾತನ್ನು ನಾನೂ ಬರೆದಿದ್ದೇನೆ. ಬಿ.ಎ. ಓದುವಾಗ ಪ್ರಬಂಧ ಸ್ಪರ್ಧೆಯೊಂದಕ್ಕೆ ‘ಅಮ್ಮನ ಒರಳುಕಲ್ಲು’ ಎಂದು ಬರೆದು ಬಹುಮಾನ ತಗೊಂಡಿದ್ದೆ. ಹಿತ್ತಲ ಬಾಗಿಲ ಪಕ್ಕದ ಒರಳು, ಮುಂಜಾವದ ಗುಡುಗುಡು ಸದ್ದು, ಕೊತ್ತಂಬರಿ-ಕೊಬ್ಬರಿಯ ಘಮ, ಬಳೆಗಳ ತಾಳ, ಎಲ್ಲವೂ ಅದರಲ್ಲಿದ್ದವು. ಮಿಕ್ಸಿ ಬಂದ ಮೇಲೆ ಮನೆಯ ಸಂಗೀತವೇ ನಿಂತುಹೋಯಿತು ಎಂದು ಮುಗಿಸಿದ್ದೆ. ರಜೆಗೆ ಊರಿಗೆ ಹೋದಾಗ ಹೆಮ್ಮೆಯಿಂದ ಅಮ್ಮನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು. ಕೊನೆಗೆ ಹೇಳಿದ್ದು ಇಷ್ಟು: “ಚೆನ್ನಾಗೇ ಬರ್ದಿದ್ದೀಯ. ಆ ಕಲ್ಲು ಬಿಟ್ಟು ಮಿಕ್ಸಿ ತರ್ಸಕ್ಕೆ ನಿಮ್ಮಪ್ಪನ ಹತ್ರ ಎಷ್ಟು ವರ್ಷ ಗೋಗರೆದೆ ಅನ್ನೋದೊಂದು ಬರೀಲಿಲ್ಲ ನೋಡು.”

ಮಿಕ್ಸಿ ಬಂದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಅಲ್ಲಿಯವರೆಗೆ ಅವಳ ಬಲ ಭುಜಕ್ಕೆ ರಾತ್ರಿ ಹೊತ್ತು ಎಣ್ಣೆ ಹಚ್ಚಿ ತಿಕ್ಕುತ್ತಿದ್ದವನು ನಾನೇ. ಪ್ರಬಂಧದಲ್ಲಿ ಬಳೆಗಳಿದ್ದವು, ಭುಜವಿರಲಿಲ್ಲ. ನನಗೆ ಗೊತ್ತಿರಲಿಲ್ಲ ಎಂದಲ್ಲ. ಆ ಬಗೆಯ ಬರಹದಲ್ಲಿ ಅದಕ್ಕೆ ಜಾಗವಿರಲಿಲ್ಲ. ‘ಅಮ್ಮನ ಕೈರುಚಿ’ ಎಂಬುದು ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರದ ಹಾಗೆಯೇ ಬೆಳೆದಿದೆ. ಅದರ ನಿಯಮಗಳು ಎಲ್ಲರಿಗೂ ಗೊತ್ತು: ಬರೆಯುವವನು ತಿಂದವನು, ಮಾಡಿದವಳಲ್ಲ. ಅಡುಗೆಮನೆಯಲ್ಲಿ ಹೊಗೆ ಇರಬಹುದು, ಕೆಮ್ಮು ಇರಬಾರದು. ಹೊತ್ತು ಇರಬೇಕು, ಗಡಿಯಾರ ಇರಬಾರದು. ಅಮ್ಮ ಯಾವಾಗಲೂ ಬಡಿಸುತ್ತಿರಬೇಕು, ಅವಳು ಎಷ್ಟು ಹೊತ್ತಿಗೆ ಉಂಡಳು ಎಂದು ಯಾರೂ ಕೇಳಬಾರದು.

ಈ ನಿಯಮಗಳು ಮುಚ್ಚಿಡುವ ಹೊತ್ತನ್ನು ಸರ್ಕಾರ ಅಳೆದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು; ಅಂಥ ಕೆಲಸಕ್ಕೆ ಕೈ ಹಾಕಿದ ಗಂಡಸರು 97 ನಿಮಿಷ. ಕೈ ಹಾಕಿದ ಹೆಂಗಸರು ನೂರಕ್ಕೆ ಎಂಬತ್ತೊಂದು, ಗಂಡಸರು ಇಪ್ಪತ್ತಾರು. 2024ರ ಸಮೀಕ್ಷೆಯಲ್ಲಿ ಆ ನಿಮಿಷಗಳು 289 ಮತ್ತು 88 ಆದವು. ಐದು ವರ್ಷದಲ್ಲಿ ಹೆಂಗಸರಿಗೆ ದಿನಕ್ಕೆ 10 ನಿಮಿಷ ಉಳಿಯಿತು. ಗಂಡಸರೂ 9 ನಿಮಿಷ ಉಳಿಸಿಕೊಂಡರು. ನಾವು ಬರಹದಲ್ಲಿ ಹಾಡಿ ಹೊಗಳುವ ‘ನಿಧಾನ’ ಇರುವುದು ಈ 289 ನಿಮಿಷಗಳಲ್ಲಿ.

2021ರಲ್ಲಿ ಬಂದ ಜಿಯೋ ಬೇಬಿಯವರ ಮಲಯಾಳಂ ಸಿನಿಮಾ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿದವರಿಗೆ ಅದರ ಮಾವನ ಪಾತ್ರ ನೆನಪಿರಬೇಕು. ಅವರು ಸೊಸೆಯ ಮೇಲೆ ಕೂಗಾಡುವುದಿಲ್ಲ. ಅನ್ನವನ್ನು ಕುಕ್ಕರಿನಲ್ಲಿ ಬೇಡ, ಸೌದೆ ಒಲೆಯಲ್ಲಿ ಮಾಡಬಹುದಲ್ಲ ಎಂದು ಮೆಲ್ಲಗೆ ಹೇಳುತ್ತಾರೆ. ಚಟ್ನಿ ಕಲ್ಲಿನಲ್ಲಿ ಅರೆದರೆ ಚೆನ್ನ ಎಂದು ಸೂಚಿಸುತ್ತಾರೆ. ಆ ಸಿನಿಮಾ ನೋಡಿ ನಾವೆಲ್ಲ ಆ ಮನುಷ್ಯನನ್ನು ಬೈದೆವು. ಅದಾದ ಮೇಲೂ ನಮ್ಮ ಪ್ರಬಂಧಗಳಲ್ಲಿ ಅದೇ ದನಿಯಲ್ಲಿ, ಅದೇ ಮೆಲುಮಾತಿನಲ್ಲಿ ಅದನ್ನೇ ಕೇಳುತ್ತಿದ್ದೇವೆ. ಅವರಿಗೂ ನಮಗೂ ಇರುವ ವ್ಯತ್ಯಾಸವೆಂದರೆ, ಅವರ ಮಾತಿಗೆ ಬಹುಮಾನ ಬರಲಿಲ್ಲ.

ಈಗ ಮತ್ತೆ ಟ್ರೇಗೆ ಬರುತ್ತೇನೆ. ಓವನ್ನಿನ ಅಡುಗೆಗೂ ಒಲೆಯ ಅಡುಗೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅದು ರುಚಿಯದ್ದಲ್ಲ, ಯಾರು ನಿಂತಿರುತ್ತಾರೆ ಎಂಬುದರದ್ದು. ಮುದ್ದೆಗೆ ಎಸರು ಕುದಿಯುವಾಗ ನಿಲ್ಲಬೇಕು, ಕೋಲು ಹಿಡಿದು ತಿರುವಬೇಕು, ಬಿಸಿಯಿರುವಾಗಲೇ ಕಟ್ಟಬೇಕು. ದೋಸೆ, ಚಪಾತಿ, ರೊಟ್ಟಿ ಎಲ್ಲವೂ ‘ಬಿಸಿಬಿಸಿ’ ಬೇಕು ಎಂದಾದರೆ ಒಬ್ಬರು ಹೆಂಚಿನ ಮುಂದೆ ನಿಂತಿರಲೇಬೇಕು. ಉಳಿದವರೆಲ್ಲ ಉಂಡೆದ್ದ ಮೇಲೆ ಕೊನೆಯ, ತಣ್ಣಗಾದ ದೋಸೆ ಆ ಒಬ್ಬರಿಗೆ. ಬಿಸಿ ದೋಸೆಯ ಸುಖವನ್ನು ವರ್ಣಿಸುವ ಪ್ರತಿಯೊಂದು ಸಾಲಿನ ಹಿಂದೆ ಊಟಕ್ಕೆ ಕೂರದ ಒಬ್ಬರಿದ್ದಾರೆ. ಟ್ರೇ ಒಳಗೆ ಹೋದ ಮೇಲೆ ಯಾರೂ ನಿಲ್ಲಬೇಕಾಗಿಲ್ಲ. ಆ 22 ನಿಮಿಷ ಮಾಡಿದವನೂ ಬಂದು ಮಾತಿಗೆ ಕೂರುತ್ತಾನೆ. ಟ್ರೇ ಹೊರಗೆ ಬಂದಾಗ ಎಲ್ಲರಿಗೂ ಒಂದೇ ಹೊತ್ತಿಗೆ, ಒಂದೇ ಬಿಸಿಯಲ್ಲಿ ಸಿಗುತ್ತದೆ.

ಇನ್ನೊಂದು ಮಾತು, ಹಂಚುವುದರದ್ದು. ನಾಟಿ ಕೋಳಿ ನಮ್ಮ ಮನೆಗಳಲ್ಲಿ ಎಂದೂ ಬರೀ ಮಾಂಸವಾಗಿರಲಿಲ್ಲ, ಆಸ್ತಿಯಾಗಿತ್ತು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಾಣೆಯಾದ ತನ್ನ ಹುಂಜಕ್ಕಾಗಿ ಪಡುವ ಪಾಡನ್ನು ಓದಿದವರಿಗೆ ಒಂದು ಕೋಳಿಯ ಬೆಲೆ ಏನೆಂದು ಹೇಳಬೇಕಾಗಿಲ್ಲ. ಅಷ್ಟು ಅಪರೂಪದ್ದು ಬೆಂದಾಗ ಅದನ್ನು ಹಂಚುವುದರಲ್ಲಿ ಮನೆಯ ಯಜಮಾನಿಕೆಯೆಲ್ಲ ಕಾಣುತ್ತಿತ್ತು. ಕಾಲು ಬಂದ ನೆಂಟರಿಗೆ, ಅಪ್ಪನಿಗೆ, ಗಂಡುಮಕ್ಕಳಿಗೆ. ಅಮ್ಮನಿಗೆ ಕತ್ತು, ಬೆನ್ನೆಲುಬು, ಸಾರು. “ನಂಗೆ ಮೂಳೆ ಚೀಪೋದೇ ಇಷ್ಟ” ಎಂದು ಅವಳು ಹೇಳುತ್ತಿದ್ದದ್ದನ್ನು ನಾನು ಇಪ್ಪತ್ತು ವರ್ಷ ನಂಬಿದ್ದೆ. ಎಂಟು ಸಮ ತುಂಡುಗಳಿರುವ ಟ್ರೇಯಲ್ಲಿ ಕಾಲೂ ಇಲ್ಲ, ಕತ್ತೂ ಇಲ್ಲ. ತಲೆಗೆರಡು. ಇದರಿಂದ ಕ್ರಾಂತಿಯಾಯಿತು ಎನ್ನುತ್ತಿಲ್ಲ. ಆದರೆ ಯಾರಿಗೆ ಯಾವ ತುಂಡು ಎಂಬ ಪ್ರಶ್ನೆ ಆ ರಾತ್ರಿ ನಮ್ಮ ಮೇಜಿನ ಮೇಲೆ ಇರಲಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲಬಲ್ಲ ಗಟ್ಟಿ ಮಾತುಗಳು ಮೂರಿವೆ. ಅವನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ.

ಮೊದಲನೆಯದು ಬ್ರಾಯ್ಲರ್ ಮತ್ತು ಬಂಡವಾಳ. ಈ ಟ್ರೇಯ ಕೋಳಿ ಶೆಡ್ಡಿನಲ್ಲಿ ಐದಾರು ವಾರಕ್ಕೆ ಎರಡು ಕಿಲೋ ತೂಗಿದ ಕೋಳಿ. ಕಂಪನಿ ಮರಿ, ಮೇವು ಕೊಡುತ್ತದೆ. ರೈತ ಶೆಡ್ಡು, ದುಡಿಮೆ ಕೊಟ್ಟು ಕಿಲೋ ಲೆಕ್ಕದಲ್ಲಿ ಸಾಕುವ ಕೂಲಿ ಪಡೆಯುತ್ತಾನೆ. ಆ ವ್ಯವಸ್ಥೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹಾಸ್ಟೆಲಿನ ಮೆಸ್ಸಿನಲ್ಲಿ, ಮಿಲಿಟರಿ ಹೋಟೆಲಿನಲ್ಲಿ ನಾವು ‘ನಮ್ಮ ಸೊಗಡು’ ಎಂದು ತಿನ್ನುವ ಕೋಳಿ ಸಾರಿನಲ್ಲಿ ಈಜುವುದೂ ಹೆಚ್ಚಾಗಿ ಇದೇ ಹಕ್ಕಿ. ಅಲ್ಲಿ ಬಾರದ ಬಂಡವಾಳದ ನೆನಪು ಚೀಸ್ ಕಂಡಾಗ ಮಾತ್ರ ಬರುವುದೇಕೆ? ಅಡುಗೆಯ ಕಣ್ಣಿನಿಂದ ನೋಡಿದರೆ ವಿಷಯ ತಿರುವುಮುರುವಾಗಿದೆ. ಓಡಾಡಿ ಬೆಳೆದ ನಾಟಿ ಕೋಳಿಯ ಗಟ್ಟಿ ಮಾಂಸಕ್ಕೆ ಗಂಟೆಗಟ್ಟಲೆ ಸಣ್ಣ ಉರಿ ಬೇಕು. ನಿಧಾನ ಅಲ್ಲಿ ಅಗತ್ಯ. ಬ್ರಾಯ್ಲರ್ ಎದೆಭಾಗವನ್ನು ಅಷ್ಟು ಹೊತ್ತು ಬೇಯಿಸಿದರೆ ಅದು ಹತ್ತಿಯಾಗುತ್ತದೆ. ಈ ಹಕ್ಕಿಗೆ ಇಪ್ಪತ್ತೆರಡು ನಿಮಿಷವೇ ಸರಿಯಾದ ಗೌರವ. ನಾಟಿ ಕೋಳಿಯ ನಿಯಮವನ್ನು ಬ್ರಾಯ್ಲರ್‌ಗೆ ಹೇರುವವನಿಗೆ ಸಂಪ್ರದಾಯದ ಮೇಲೆ ಪ್ರೀತಿಯಿರಬಹುದು, ಕೋಳಿಯ ಪರಿಚಯವಿಲ್ಲ.

ಎರಡನೆಯದು ಇದಕ್ಕಿಂತ ಗಟ್ಟಿಯಾದದ್ದು. ಯಂತ್ರ ಹೆಂಗಸರನ್ನು ಬಿಡುಗಡೆ ಮಾಡುತ್ತದೆ ಎಂಬ ಮಾತನ್ನು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಅಲ್ಲಗಳೆದಿದ್ದಾರೆ. ಅಮೆರಿಕದ ಮನೆಗಳಿಗೆ ಹೊಸ ಒಲೆ, ಹೊಸ ಯಂತ್ರಗಳು ಬಂದಾಗ ಮೊದಲು ಇಲ್ಲವಾದದ್ದು ಸೌದೆ ಸೀಳುವಂಥ ಗಂಡಸರ, ಮಕ್ಕಳ ಕೆಲಸಗಳು. ಹೆಂಗಸಿನ ಕೆಲಸದ ಮಟ್ಟ ಮಾತ್ರ ಏರುತ್ತ ಹೋಗಿ, ಅವಳ ಗಂಟೆಗಳು ಹಾಗೆಯೇ ಉಳಿದವು. ಈ ಮಾತು ನಮ್ಮಲ್ಲೂ ನಿಜ. ಮಿಕ್ಸಿ ಬಂದ ಮೇಲೆ ನಮ್ಮನೆಯಲ್ಲಿ ಚಟ್ನಿ ಒಂದಿದ್ದದ್ದು ಎರಡಾಯಿತು. ಹಾಗಾಗಿ ಓವನ್ ತಂದುಕೊಟ್ಟು, ‘ಇನ್ನು ನಿನಗೆ ಸುಲಭವಾಯಿತಲ್ಲ, ವಾರಕ್ಕೊಮ್ಮೆ ಪಿಜ್ಜಾ ಚಿಕನ್ನೂ ಮಾಡು’ ಎಂದರೆ ಅದು ಹಳೆಯ ಒರಳುಕಲ್ಲಿಗೆ ಹೊಸ ವೈರು ಸುತ್ತಿದ ಹಾಗೆ. ನನ್ನ ವಾದ ಓವನ್ನಿನ ಪರ ಅಲ್ಲ. ಬೇಗ ಆಗುವ ಅಡುಗೆಯನ್ನು, ಇದುವರೆಗೆ ಅಡುಗೆ ಮಾಡದವರು ಕಲಿತು ಮಾಡಲಿ ಎಂಬುದು. ರುಬ್ಬಲು ಬಾರದ, ಹದ ಗೊತ್ತಿಲ್ಲದ ಇಪ್ಪತ್ತೇಳು ವರ್ಷದ ಗಂಡಸಿಗೆ ಅಡುಗೆಮನೆಯ ಬಾಗಿಲು ತೆರೆಯುವುದು ಇಂಥ ‘ಜೋಡಣೆ’ಗಳೇ. ಅದನ್ನು ನಗೆಯಾಡಿ ಮುಚ್ಚಿದರೆ ಅವನು ನಾಟಿ ಕೋಳಿ ಸಾರು ಕಲಿಯುವುದಿಲ್ಲ. ಮೊಬೈಲಿನಲ್ಲಿ ಊಟ ತರಿಸುತ್ತಾನೆ, ತಿಂದ ಮೇಲೆ ಅಮ್ಮನ ಕೈರುಚಿಯ ಬಗ್ಗೆ ಬರೆಯುತ್ತಾನೆ.

ಮೂರನೆಯದು ಅರಿವಿನದ್ದು. ಕೊತ್ತಂಬರಿ ಬೀಜ ಎಷ್ಟು ಹುರಿದರೆ ಸಾಕು, ಮಸಾಲೆ ಎಷ್ಟು ನುಣ್ಣಗಾಗಬೇಕು ಎಂಬುದೆಲ್ಲ ಕೈಯಲ್ಲಿ ಉಳಿದಿರುವ ವಿದ್ಯೆ. ಅದು ಅಳಿದರೆ ಭಾಷೆಯಿಂದಲೇ ಒಂದಿಷ್ಟು ಮಾತು ಅಳಿಯುತ್ತದೆ ಎನ್ನುತ್ತಾರೆ. ಒಪ್ಪಿದೆ. ಹಾಗಾದರೆ ಅದನ್ನು ಕಲಿಯಲು ಯಾರು ಅಡ್ಡಿ ಮಾಡಿದ್ದಾರೆ? ಒರಳು ಇನ್ನೂ ಹಿತ್ತಲಲ್ಲಿ ಬಿದ್ದಿದೆ. ಹಂಬಲಿಸುವ ಗಂಡಸರು ಭಾನುವಾರ ಬೆಳಿಗ್ಗೆ ಹೋಗಿ ಕೂತು ರುಬ್ಬಬಹುದು. ಒಂದು ವಿದ್ಯೆ ಉಳಿಯಬೇಕು, ಆದರೆ ಅದನ್ನು ಇನ್ನೊಬ್ಬರ ಭುಜವೇ ಉಳಿಸಬೇಕು ಎನ್ನುವುದನ್ನು ಪರಂಪರೆಯ ಪ್ರೀತಿ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಹೋದ ತಿಂಗಳು ಅಮ್ಮ ಕಣ್ಣಿನ ತಪಾಸಣೆಗೆಂದು ಬಂದು ನನ್ನ ಮನೆಯಲ್ಲಿ ನಾಲ್ಕು ದಿನ ಇದ್ದಳು. ಒಂದು ರಾತ್ರಿ ಇದನ್ನೇ ಮಾಡಿದೆ. ಅಭ್ಯಾಸದಂತೆ ಅವಳು ಅಡುಗೆಮನೆಗೆ ಬಂದು ಸೆರಗು ಸಿಕ್ಕಿಸಿ ನಿಂತಳು. “ಮಸಾಲೆ ಏನು ರುಬ್ಬಬೇಕು?” ಎಂದು ಕೇಳಿದಳು. ಏನೂ ಇಲ್ಲ ಎಂದೆ. “ತಿರುವೋದು?” ಅದೂ ಇಲ್ಲ ಎಂದೆ. ಟ್ರೇ ಒಳಗಿಟ್ಟು ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು, ಗಾಜಿನೊಳಗೆ ನೋಡುತ್ತ. ಕೊನೆಗೆ ಬಂದು ಕುರ್ಚಿಯಲ್ಲಿ ಕೂತಳು. ಒಲೆಯ ಮೇಲೆ ಅಡುಗೆ ಇರುವಾಗ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನು ಮಾಡಬೇಕೆಂದು ತೋಚದೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ನನ್ನ ಥೀಸಿಸ್ ಯಾವುದರ ಬಗ್ಗೆ ಎಂದು ಕೇಳಿದಳು. ನಾನು ಪಿಎಚ್.ಡಿ.ಗೆ ಸೇರಿ ನಾಲ್ಕು ವರ್ಷವಾಗಿತ್ತು; ಆ ಪ್ರಶ್ನೆಗೆ ಬಿಡುವು ಸಿಕ್ಕಿರಲಿಲ್ಲ.

ರುಚಿ ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. “ಸಪ್ಪೆ” ಎಂದಳು. ಮಾವಿನಕಾಯಿ ಉಪ್ಪಿನಕಾಯಿ ಹಚ್ಚಿಕೊಂಡು ಎರಡೂ ತುಂಡು ತಿಂದಳು. ನಾನೂ ಎದುರಿಗೆ ಕೂತು ಅದೇ ಹೊತ್ತಿಗೆ ತಿಂದೆ. ಟ್ರೇ ತೊಳೆಯಲು ಎದ್ದವಳನ್ನು ಕೂರಿಸುವುದೊಂದೇ ಕಷ್ಟವಾಯಿತು.

ಗೆಳೆಯನಿಗೆ ನನ್ನ ಉತ್ತರ ಇದು. ನಿನ್ನ ಮುಂದಿನ ಪ್ರಬಂಧದಲ್ಲಿ ಒರಳುಕಲ್ಲು ಬರಲಿ, ನಾಟಿ ಕೋಳಿ ಸಾರೂ ಬರಲಿ. ಅದರ ರುಚಿಯಲ್ಲಿ ನನಗೂ ಸಂಶಯವಿಲ್ಲ. ಆದರೆ ಪಕ್ಕದಲ್ಲಿ ಗಡಿಯಾರವನ್ನೂ ಇಡು. ಬೆಳಿಗ್ಗೆ ಎಷ್ಟಕ್ಕೆ ಶುರುವಾಯಿತು, ಮಧ್ಯಾಹ್ನ ಎಷ್ಟಕ್ಕೆ ಮುಗಿಯಿತು, ಗುಂಡು ತಿರುಗಿಸಿದವರು ಯಾರು, ಅವರು ಉಂಡದ್ದು ಎಷ್ಟು ಹೊತ್ತಿಗೆ, ಅವರ ಪಾಲಿಗೆ ಬಂದ ತುಂಡು ಯಾವುದು, ಪಾತ್ರೆ ತೊಳೆದದ್ದು ಯಾರು ಎಂದು ಬರೆ. ಇಷ್ಟು ಬರೆದ ಮೇಲೂ ಆ ಹೊತ್ತು ಸುಂದರವಾಗಿಯೇ ಕಂಡರೆ, ನನ್ನ ಟ್ರೇಯನ್ನು ಜೋಡಣೆ ಎಂದು ಕರೆ. ಒಪ್ಪಿಕೊಳ್ಳುತ್ತೇನೆ.